ಬೆಂಕಿಬೆಟ್ಟದ ನೆರೆಯಲ್ಲಿ ಎಂಬತ್ತೈದು ದಿನ

ನಮ್ಮ ಸೋಲಾಪುರ, ಅಕ್ಕಲಕೋಟ ಸೀಮೆಯ ಎರೆಮಣ್ಣನ್ನು ನೀವೆಲ್ಲರೂ ಬಲ್ಲಿರಿ. ಮಳೆಗಾಲದಲ್ಲಿ ಅದು ಕಾಲಿಗೆ ಹತ್ತಿದರೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಾವು ಉಣ್ಣುವ ಬಿಳಿಜೋಳ ಬೆಳೆಯುವುದು ಈ ಕರಿಯ ನೆಲದಲ್ಲಿಯೇ. ಈ ನೆಲ ಬೆಂಕಿಯಿಂದ ಹುಟ್ಟಿತೆಂದು ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ದಖ್ಖನಿನ ನೆಲ ಬಾಯ್ತೆರೆದು, ಕಾದ ಶಿಲಾರಸವು ಮೇಲಿಂದ ಮೇಲೆ ಉಕ್ಕಿ ಹರಿಯಿತು. ಆರಿದ ಆ ರಸವೇ ನಮ್ಮ ಬಾವಿ ತೋಡುವಾಗ ಸಿಗುವ ಕರಿಕಲ್ಲು. ಆ ಕಲ್ಲು ಯುಗಯುಗಗಳ ಕಾಲ ಮಳೆ ಬಿಸಿಲಿಗೆ ಸವೆದು ಆದುದೇ ಎರೆಮಣ್ಣು.

ಆಗ ನೋಡಲು ಮನುಷ್ಯನಿರಲಿಲ್ಲ. ಆದರೆ ನಮ್ಮ ಕಾಲದಲ್ಲಿಯೂ ಅಂಥ ಬೆಂಕಿಯ ನೆರೆಯಲ್ಲಿ ಅಡಿಗೆ ಮಾಡುತ್ತ, ಸಂತೆಗೆ ಹೋಗುತ್ತ, ಮಕ್ಕಳನ್ನು ಶಾಲೆಗೆ ಕಳಿಸುತ್ತ ಬಾಳಿದ ಜನರಿದ್ದಾರೆ. ಅವರಲ್ಲಿ ಕೆಲವರು ಆ ನಾಡಿನಲ್ಲಿ ಹುಟ್ಟಿದವರೂ ಅಲ್ಲ; ದೂರದೇಶದಿಂದ ಬಂದು ಮನೆ ಮಾಡಿಕೊಂಡವರು. ಅವರ ದಿನಚರಿ ಹೇಗಿತ್ತು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ದ್ವೀಪವೂ ಅಲ್ಲಿಯ ಜನರೂ

ಭೂಪಟದಲ್ಲಿ ಆಫ್ರಿಕ ಖಂಡದ ವಾಯವ್ಯ ದಿಕ್ಕಿನ ಸಮುದ್ರದಲ್ಲಿ ಕೆನರಿ ದ್ವೀಪಗಳೆಂಬ ಚುಕ್ಕೆಗಳನ್ನು ಹುಡುಕಿರಿ. ಅವು ಸ್ಪೇನ್ ದೇಶಕ್ಕೆ ಸೇರಿವೆ. ಅವುಗಳಲ್ಲೊಂದು ಲಾ ಪಾಲ್ಮಾ. ಅದರ ವಿಸ್ತಾರ ಸುಮಾರು ೭೦೮ ಚದರ ಕಿಲೊಮೀಟರ್. ಜನಸಂಖ್ಯೆ ಎಂಬತ್ತು ಸಾವಿರಕ್ಕೆ ತುಸು ಹೆಚ್ಚು. ಆದರೆ ಅದರ ನೆತ್ತಿ ಸಮುದ್ರದಿಂದ ೨,೪೨೬ ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಆಕಾಶ ಎಷ್ಟು ತಿಳಿಯೆಂದರೆ ೧೦.೪ ಮೀಟರ್ ಅಗಲದ ಕನ್ನಡಿಯುಳ್ಳ ಮಹಾದೂರದರ್ಶಕವನ್ನು ಅದೇ ಶಿಖರದ ಮೇಲೆ ಸ್ಥಾಪಿಸಿದ್ದಾರೆ.

ಇಡೀ ದ್ವೀಪವೇ ಜ್ವಾಲಾಮುಖಿಗಳಿಂದ ಆದುದು. ದಕ್ಷಿಣ ಭಾಗದ ಕುಂಬ್ರೆ ವಿಯೇಹಾ ಎಂಬ ಬೆಟ್ಟಸಾಲು ೧೯೪೯ರಲ್ಲಿಯೂ ೧೯೭೧ರಲ್ಲಿಯೂ ಬೆಂಕಿ ಉಗುಳಿತ್ತು. ಆದರೂ ಜನ ಅಲ್ಲಿಯೇ ಇದ್ದರು. ಏಕೆ? ನಮ್ಮ ಎರೆಹೊಲದಂತೆ ಅಲ್ಲಿಯ ನೆಲವೂ ಅನ್ನ ಕೊಡುತ್ತದೆ. ಪಶ್ಚಿಮದ ಅರಿದಾನೆ ಕಣಿವೆಯ ತುಂಬ ಬಾಳೆಯ ತೋಟಗಳಿವೆ. ದ್ವೀಪದ ಬದುಕು ಬಹುಮಟ್ಟಿಗೆ ಬಾಳೆಯನ್ನೇ ನೆಚ್ಚಿದೆ.

ಇದೇ ಕಣಿವೆಯಲ್ಲಿ ಜರ್ಮನಿ ಮೊದಲಾದ ದೇಶಗಳಿಂದ ಬಂದ ಸಾವಿರಾರು ಜನರೂ ನೆಲಸಿದ್ದಾರೆ. ಕೆಲವರು ನೌಕರಿಯಿಂದ ನಿವೃತ್ತರಾದವರು, ಕೆಲವರು ಸಣ್ಣ ಅಂಗಡಿಯನ್ನೋ ಪ್ರವಾಸಿಗರ ವಸತಿಯನ್ನೋ ನಡೆಸುವವರು. ಅಂಥ ಒಬ್ಬ ವೃದ್ಧ ದಂಪತಿಗಳನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಅವರಿಗೆ ಹೆಸರು ಬೇಡ. ಅವರ ಸುತ್ತ ನಡೆದುದೆಲ್ಲ ಮಾತ್ರ ನಿಜವಾಗಿ ನಡೆದುದೇ.

ನೆಲ ಕೊಟ್ಟ ಎಚ್ಚರಿಕೆ

ಗಂಜಿ ಉಕ್ಕುವ ಮೊದಲು ಮುಚ್ಚಳ ಅಲುಗುತ್ತದೆ, ಜ್ವಾಲಾಮುಖಿಯೂ ಹಾಗೆಯೇ. ಕೆಳಗಿನ ಶಿಲಾರಸ ಮೇಲಕ್ಕೆ ದಾರಿ ಮಾಡಿಕೊಳ್ಳುವಾಗ ಬಂಡೆಗಳು ಸೀಳುತ್ತವೆ, ನೆಲ ನಡುಗುತ್ತದೆ, ಉಬ್ಬುತ್ತದೆ. ೨೦೨೧ರ ಸೆಪ್ಟೆಂಬರ್ ೧೧ರಂದು ಲಾ ಪಾಲ್ಮಾದಲ್ಲಿ ಸಣ್ಣ ಭೂಕಂಪಗಳ ಸುರಿಮಳೆ ಆರಂಭವಾಯಿತು. ವಾರದೊಳಗೆ ಅವುಗಳ ಸಂಖ್ಯೆ ಸಾವಿರಗಳನ್ನು ದಾಟಿತು. ನೆಲವು ೧೦ ಸೆಂಟಿಮೀಟರಿಗೂ ಹೆಚ್ಚು ಮೇಲೆದ್ದಿತು. ಇದನ್ನು ಕಣ್ಣಿನಿಂದ ಕಾಣಲಾಗದು; ಉಪಗ್ರಹಗಳ ನೆರವಿನಿಂದ ವಿಜ್ಞಾನಿಗಳು ಅಳೆದರು.

ಅಲ್ಲಿ ಅಪಾಯದ ಮಟ್ಟವನ್ನು ರಸ್ತೆಯ ದೀಪಗಳಂತೆ ಬಣ್ಣಗಳಿಂದ ಸೂಚಿಸುವ ಪದ್ಧತಿಯಿದೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ಸೆಪ್ಟೆಂಬರ್ ೧೩ರಂದು ಹಳದಿಯನ್ನು ಸಾರಿದರು. ಊರೂರಿನಲ್ಲಿ ಸಭೆ ಕರೆದು, ಏನಾಗಬಹುದು, ಹೊರಡಬೇಕಾದರೆ ಎಲ್ಲಿ ಸೇರಬೇಕು, ಕೈಚೀಲದಲ್ಲಿ ಏನೇನು ಇಟ್ಟುಕೊಳ್ಳಬೇಕು ಎಂದು ತಿಳಿಹೇಳಿದರು. ಕಾಗದಪತ್ರ, ಔಷಧ, ನೀರು, ಮೊಬೈಲು, ಬ್ಯಾಟರಿ ದೀಪ, ಒಂದು ಜೊತೆ ಬಟ್ಟೆ, ಇಷ್ಟೇ ಆ ಗಂಟು.

ಸೆಪ್ಟೆಂಬರ್ ೧೯, ಭಾನುವಾರ. ನಡೆದಾಡಲಾರದವರನ್ನು ಅಂದು ಬೆಳಿಗ್ಗೆಯೇ ಸ್ಥಳಾಂತರಿಸತೊಡಗಿದ್ದರು. ಮಧ್ಯಾಹ್ನ ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ ಎಲ್ ಪಾಸೊ ಊರಿನ ಮೇಲಿನ ಕಾಡಿನಲ್ಲಿ ನೆಲ ಸೀಳಿ ಹೊಗೆಯ ಕಂಬ ಎದ್ದಿತು. ಎಚ್ಚರಿಕೆಯ ಬಣ್ಣ ಹಳದಿಯಿಂದ ಕಿತ್ತಳೆಗೆ ಬರಲು ಕೂಡ ವೇಳೆ ಸಿಗಲಿಲ್ಲ, ನೇರವಾಗಿ ಕೆಂಪಾಯಿತು. ಕೆಲವೇ ದಿನಗಳಲ್ಲಿ ಸುಮಾರು ೭,೦೦೦ ಜನ ಮನೆ ಬಿಟ್ಟರು.

ಬಣ್ಣ ಬದಲಾಗುವುದನ್ನು ಕಾಯುತ್ತ ಕುಳಿತವನಿಗಿಂತ, ಗಂಟು ಕಟ್ಟಿ ಬಾಗಿಲ ಬಳಿ ಇಟ್ಟವನೇ ಅಂದು ನಿಶ್ಚಿಂತನಾಗಿದ್ದ. ಈ ಮಾತನ್ನು ಗುರುತು ಹಾಕಿಕೊಳ್ಳಿರಿ.

ಬೂದಿಯೊಡನೆ ಬಾಳು

ಜ್ವಾಲಾಮುಖಿಯೆಂದರೆ ಒಂದು ಸಲ ಸಿಡಿದು ಮುಗಿಯುವುದೆಂದು ನಾವು ಬಗೆಯುತ್ತೇವೆ. ಲಾ ಪಾಲ್ಮಾದ ಬೆಂಕಿ ಡಿಸೆಂಬರ್ ೧೩ರವರೆಗೆ, ಎಂದರೆ ೮೫ ದಿನ, ಉರಿಯಿತು. ಎಂಬತ್ತೈದು ದಿನ ಯಾರೂ ಓಡುತ್ತಲೇ ಇರಲಾರರು. ಲಾವಾರಸದ ದಾರಿಯಲ್ಲಿಲ್ಲದ ಊರುಗಳವರು ಬದುಕನ್ನು ನಡೆಸಲೇಬೇಕಾಯಿತು.

ನಮ್ಮ ದಂಪತಿಗಳ ಬೆಳಗು ಪೊರಕೆಯಿಂದ ಆರಂಭವಾಗುತ್ತಿತ್ತು. ರಾತ್ರಿಯೆಲ್ಲ ಸುರಿದ ಕರಿಯ ಬೂದಿ ಅಂಗಳ, ಮೆಟ್ಟಿಲು, ಗಿಡದ ಎಲೆ, ಕಾರಿನ ಗಾಜು, ಎಲ್ಲದರ ಮೇಲೂ ಇರುತ್ತಿತ್ತು. ಇದು ನಮ್ಮ ಒಲೆಯ ಬೂದಿಯಂತೆ ಮೆತ್ತಗಿನದಲ್ಲ. ಇದು ಪುಡಿಯಾದ ಕಲ್ಲು, ಪುಡಿಯಾದ ಗಾಜು. ಕಣ್ಣಿಗೆ ಬಿದ್ದು ಉಜ್ಜಿಕೊಂಡರೆ ಕಣ್ಣು ಕೆಡುತ್ತದೆ. ಕಾರಿನ ಗಾಜನ್ನು ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಬಾಳೆಕಾಯಿಯ ಮೇಲೆ ಬಿದ್ದು ಗಾಳಿಗೆ ಉಜ್ಜಿದರೆ ಸಿಪ್ಪೆ ತರಚಿ ಮಾರಾಟಕ್ಕೆ ಬಾರದಂತಾಗುತ್ತದೆ. ಆದುದರಿಂದ ಗುಡಿಸುವಾಗ ಕನ್ನಡಕ, ಮುಖಕ್ಕೆ ಮಾಸ್ಕು, ಉದ್ದ ತೋಳಿನ ಅಂಗಿ ಬೇಕು. ಧೂಳು ಏಳದಂತೆ ತುಸುವೇ ನೀರು ಚಿಮುಕಿಸಬೇಕು. ಹೆಚ್ಚು ನೀರು ಸುರಿದರೆ ಅದು ಕೆಸರಾಗಿ, ಚರಂಡಿಯಲ್ಲಿ ಸೇರಿ ಗಟ್ಟಿಯಾಗುತ್ತದೆ.

ಮಾಳಿಗೆಯ ಮಾತಂತೂ ನಮ್ಮ ಪಾಲಕರಿಗೆ ಚೆನ್ನಾಗಿ ತಿಳಿಯುತ್ತದೆ. ಮಣ್ಣಿನ ಮಾಳಿಗೆ ಮಳೆಗೆ ನೆನೆದರೆ ತೊಲೆಗಳು ಹೇಗೆ ಬಾಗುತ್ತವೆಂಬುದನ್ನು ಅವರು ಕಂಡಿದ್ದಾರೆ. ಈಗ ಲೆಕ್ಕ ಮಾಡಿ ನೋಡಿರಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ೧೦ ಸೆಂಟಿಮೀಟರ್ ಬೂದಿ ಕೂತರೆ, ಒಣಗಿದ್ದಾಗಲೇ ಅದರ ತೂಕ ೫೦ ಕಿಲೊ ಅಥವಾ ಅದಕ್ಕೂ ಹೆಚ್ಚು. ಮಳೆ ಬಂದು ನೆನೆದರೆ ೧೦೦ರಿಂದ ೨೦೦ ಕಿಲೊ. ಎಂದರೆ ಪ್ರತಿಯೊಂದು ಚದರ ಮೀಟರಿನ ಮೇಲೆ ಒಂದೆರಡು ಕ್ವಿಂಟಲ್ ಜೋಳ ಹೇರಿದಂತೆ! ಹಾಗಾಗಿ ಮಳೆಗೆ ಮುಂಚೆ ಮಾಳಿಗೆಯನ್ನು ಬರಿದು ಮಾಡುವುದು ಅಲ್ಲಿಯ ಮುಖ್ಯ ಕೆಲಸವಾಯಿತು. ಆ ಕೆಲಸವೂ ಅಪಾಯದ್ದೇ. ಲಾವಾರಸಕ್ಕೆ ಸಿಕ್ಕಿ ಅಲ್ಲಿ ಯಾರೊಬ್ಬರೂ ಸಾಯಲಿಲ್ಲ. ಆದರೆ ನವೆಂಬರಿನಲ್ಲಿ ಮಾಳಿಗೆಯ ಬೂದಿ ತೆಗೆಯಲು ಹೋದ ವೃದ್ಧರೊಬ್ಬರು ತೀರಿಕೊಂಡರು.

ಬೂದಿಯ ಜೊತೆಗೆ ಸದ್ದು. ಹಗಲಿರುಳೂ ಬೆಟ್ಟ ಮೊರೆಯುತ್ತಿತ್ತು. ಕಿಟಕಿಯ ಗಾಜುಗಳು ಗಡಗಡ ನಡುಗುತ್ತಿದ್ದವು. ನಿದ್ದೆ ಹತ್ತುತ್ತಿರಲಿಲ್ಲ. ಸೆಪ್ಟೆಂಬರ್ ೨೭ರಂದು ಕೆಲವು ಗಂಟೆ ಸದ್ದು ನಿಂತುಹೋಯಿತು. ಆಗ ನೆಮ್ಮದಿಯಾಯಿತೆ? ಇಲ್ಲ, ಇನ್ನೇನು ಕಾದಿದೆಯೋ ಎಂಬ ಚಿಂತೆ ಹೆಚ್ಚಿತು. ಸಂಜೆಯ ಹೊತ್ತಿಗೆ ಬೆಟ್ಟ ಮತ್ತೆ ಮೊರೆಯಿತು.

ಮೂರನೆಯದು ಗಾಳಿ. ಶಿಲಾರಸದಿಂದ ಗಂಧಕದ ಡೈಆಕ್ಸೈಡು ಹೊರಬೀಳುತ್ತದೆ. ಅದು ಕಣ್ಣು ಗಂಟಲನ್ನು ಸುಡುತ್ತದೆ. ಉಬ್ಬಸದವರಿಗೆ ಬಹಳ ಕೆಟ್ಟದು. ದಿನದಿನವೂ ಅದನ್ನು ಅಳೆದು ಪ್ರಕಟಿಸುತ್ತಿದ್ದರು. ಮಟ್ಟ ಮೀರಿದ ದಿನ ಬಾಗಿಲು ಕಿಟಕಿ ಮುಚ್ಚಿ ಒಳಗಿರಬೇಕು. ಸೆಪ್ಟೆಂಬರ್ ೨೮ರ ರಾತ್ರಿ ಲಾವಾರಸ ಸಮುದ್ರಕ್ಕೆ ಬಿದ್ದಾಗ ಕರಾವಳಿಯ ಹಳ್ಳಿಗಳವರಿಗೆ ಇದೇ ಆಜ್ಞೆಯಾಯಿತು. ಸುಮಾರು ೧,೧೦೦ ಡಿಗ್ರಿಯ ರಸ ಉಪ್ಪುನೀರಿಗೆ ತಾಗಿದಾಗ ಏಳುವ ಉಗಿಯಲ್ಲಿ ಆಮ್ಲವಿರುತ್ತದೆ. ಕೊನೆಯ ದಿನವಾದ ಡಿಸೆಂಬರ್ ೧೩ರಂದು ಕಣಿವೆಯ ಮೂರು ಊರುಗಳ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮನೆಯೊಳಗೇ ಇರಬೇಕಾಯಿತು.

ದಾರಿಯೂ ನೀರೂ ಕಷ್ಟವಾದವು. ಲಾವಾರಸ ಹೆದ್ದಾರಿಯನ್ನು ದಾಟಿ ಹರಿದುದರಿಂದ, ಹತ್ತು-ಹದಿನೈದು ನಿಮಿಷದ ಹಾದಿಗೆ ದ್ವೀಪದ ದಕ್ಷಿಣ ತುದಿಯನ್ನು ಸುತ್ತಿ ಒಂದು ಗಂಟೆಗೂ ಮೀರಿ ಹೋಗಬೇಕಾಯಿತು. ತೋಟಕ್ಕೆ ನೀರು ತರುವ ಕೊಳವೆಗಳು ಸುಟ್ಟುಹೋದವು. ಬಾಳೆ ಒಣಗಬಾರದೆಂದು, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳನ್ನು ಹಡಗಿನಲ್ಲಿ ತರಿಸಿದರು. ಬೂದಿಯಿಂದ ವಿಮಾನ ನಿಲ್ದಾಣ ಮತ್ತೆ ಮತ್ತೆ ಮುಚ್ಚಿತು. ಜರ್ಮನಿಯ ಮಗ ತಾಯಿತಂದೆಯನ್ನು ನೋಡಬೇಕೆಂದರೆ ಪಕ್ಕದ ದ್ವೀಪಕ್ಕೆ ಇಳಿದು ಹಡಗು ಹಿಡಿಯಬೇಕು.

ಶಾಲೆಗಳೂ ನಿಂತವು, ಮತ್ತೆ ನಡೆದವು. ಗಾಳಿ ಕೆಟ್ಟ ದಿನ ಮಕ್ಕಳು ಮನೆಯಿಂದಲೇ ಪಾಠ ಕೇಳಿದರು. ಲೋಸ್ ಕಾಂಪಿತೋಸ್ ಎಂಬಲ್ಲಿಯ ಪ್ರಾಥಮಿಕ ಶಾಲೆಯನ್ನು ಲಾವಾರಸ ಮೊದಲ ದಿನಗಳಲ್ಲಿಯೇ ನುಂಗಿತು. ಆ ಮಕ್ಕಳು ಬೇರೆ ಶಾಲೆಯ ಬೆಂಚುಗಳಲ್ಲಿ ಕುಳಿತು ವರ್ಷ ಮುಗಿಸಿದರು.

ಕಾಲು ಗಂಟೆ

ಲಾವಾರಸದ ನಡಿಗೆ ನಿಧಾನ. ಅದರ ಮುಂದೆ ಮನುಷ್ಯ ನಡೆದೇ ಪಾರಾಗಬಲ್ಲ. ಆದರೆ ಮನೆ ನಡೆಯಲಾರದು. ಇದೇ ಅಲ್ಲಿಯ ಸಂಕಟದ ಮೂಲ. ತೊದೊಕೆ ಎಂಬ ಊರಿನವರು, ಕಪ್ಪು ಕಲ್ಲಿನ ಗೋಡೆಯೊಂದು ಒಳಗೆ ಕೆಂಡವಾಗಿ ಉರಿಯುತ್ತ ತಮ್ಮ ಮನೆಯ ಕಡೆಗೆ ದಿನದಿನವೂ ಸರಿಯುವುದನ್ನು ಕಂಡರು. ಪೊಲೀಸರೂ ಸೈನಿಕರೂ ಜೊತೆಗೆ ಬಂದು, ಒಳಗೆ ಹೋಗಿ ಬೇಕಾದುದನ್ನು ತರಲು ಕಾಲು ಗಂಟೆಯ ಅವಕಾಶ ಕೊಟ್ಟರು. ಸೆಪ್ಟೆಂಬರ್ ೨೬ರಂದು ಊರಿನ ಚರ್ಚಿನ ಗೋಪುರ ಕುಸಿಯಿತು. ಅನಂತರ ಊರೇ ಉಳಿಯಲಿಲ್ಲ.

ಕಾಲು ಗಂಟೆಯಲ್ಲಿ ನೀವು ಏನನ್ನು ತೆಗೆದುಕೊಳ್ಳುವಿರಿ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಲ್ಲಿ ಕೆಲವರು ಹಾಸಿಗೆ, ಕಪಾಟು, ಒಲೆಗಳನ್ನು ಲಾರಿಗೆ ಹೇರಿದರು. ಕೆಲವರು ಹಳೆಯ ಫೋಟೋಗಳನ್ನೂ ಮನೆಯ ಕಾಗದಗಳನ್ನೂ ಹಿಡಿದು ಬಂದರು. ಪರದೇಶದಿಂದ ಬಂದವರಿಗೆ ಕಾಗದದ ಚಿಂತೆ ಇನ್ನೂ ಹೆಚ್ಚು. ಪಾಸ್‌ಪೋರ್ಟು, ವಾಸದ ದಾಖಲೆ, ಮನೆಯ ಖರೀದಿ ಪತ್ರ, ವಿಮೆಯ ಪತ್ರ ಕಳೆದರೆ ಅವರನ್ನು ಗುರುತಿಸಿ ಹೇಳುವ ಹಳೆಯ ನೆಂಟರು ಆ ಊರಿನಲ್ಲಿಲ್ಲ. ಸ್ಪೇನಿನಲ್ಲಿ ಜ್ವಾಲಾಮುಖಿಯಂಥ ಅನಾಹುತಗಳಿಗೆ ಪರಿಹಾರ ಕೊಡುವ ಸಾರ್ವಜನಿಕ ವಿಮಾ ಸಂಸ್ಥೆಯೊಂದಿದೆ. ಆದರೆ ಮನೆಗೆ ಮೊದಲೇ ವಿಮೆ ಮಾಡಿಸಿದ್ದವರಿಗೇ ಅದರ ಹಣ. ವಿಮೆ ಮಾಡಿಸದ ಮನೆಗಳವರು ಸರಕಾರದ ನೆರವನ್ನೂ ದಾನಿಗಳನ್ನೂ ಕಾಯಬೇಕಾಯಿತು.

ಎರಡನೆಯ ಭಾಷೆ ಜೀವ ಉಳಿಸುವ ಬಗೆ

ಇನ್ನು ಪರನಾಡಿನವನ ವಿಶೇಷ ಕಷ್ಟವನ್ನು ನೋಡೋಣ. ದಿನವೂ ಅಧಿಕಾರಿಗಳೂ ವಿಜ್ಞಾನಿಗಳೂ ಸೇರಿ ಸುದ್ದಿಗೋಷ್ಠಿ ನಡೆಸುತ್ತಿದ್ದರು. ಯಾವ ರಸ್ತೆ ಮುಚ್ಚಿದೆ, ಯಾವ ಹಳ್ಳಿ ಖಾಲಿಯಾಗಬೇಕು, ಗಾಳಿ ಹೇಗಿದೆ ಎಂಬುದೆಲ್ಲ ಅಲ್ಲಿ ತಿಳಿಯುತ್ತಿತ್ತು. ಮಾತೆಲ್ಲ ಸ್ಪ್ಯಾನಿಷ್ ಭಾಷೆಯಲ್ಲಿ. ಹತ್ತು ವರ್ಷ ಅಲ್ಲಿದ್ದರೂ, ‘ರೊಟ್ಟಿ ಕೊಡಿ, ಎಷ್ಟಾಯಿತು’ ಎಂಬಷ್ಟೇ ಕಲಿತವನಿಗೆ ಆ ದಿನಗಳಲ್ಲಿ ಹೊಸ ಶಬ್ದಗಳು ಬೇಕಾದವು. ‘ಸೆನೀಸಾ’ ಎಂದರೆ ಬೂದಿ. ‘ಕೊಲಾದಾ’ ಎಂದರೆ ಲಾವಾರಸದ ಹರಿವು. ‘ಸೆಮಾಫೊರೊ’ ಎಂದರೆ ಬಣ್ಣದ ಎಚ್ಚರಿಕೆ. ‘ಫಹಾನಾ’ ಎಂದರೆ ಲಾವಾರಸ ಸಮುದ್ರದೊಳಗೆ ಚಾಚಿ ಕಟ್ಟಿದ ಹೊಸ ನೆಲ. ಈ ನಾಲ್ಕು ಮಾತು ತಿಳಿದವನಿಗೆ ರೇಡಿಯೋದ ಅರ್ಧ ಸುದ್ದಿ ತಿಳಿಯಿತು. ತಿಳಿಯದವನು ನೆರೆಯವನ ಬಾಗಿಲು ತಟ್ಟಬೇಕು.

ನೆರೆಯವನ ಪರಿಚಯವಿಲ್ಲದಿದ್ದರೆ? ಬೆಟ್ಟ ಉರಿಯುವ ದಿನ ಪರಿಚಯ ಮಾಡಿಕೊಳ್ಳುವುದು ಕಷ್ಟ. ಆದುದರಿಂದ ದೂರದೇಶದಲ್ಲಿ ನೆಲಸುವವನು ಮನೆಗೆ ಬಣ್ಣ ಹಚ್ಚುವ ಮೊದಲು ಮಾಡಬೇಕಾದ ಕೆಲಸ ಎರಡು: ಆ ನಾಡಿನ ಮಾತು ಕಲಿಯುವುದು, ಪಕ್ಕದ ಮನೆಯವರನ್ನು ಅರಿಯುವುದು. ೧೯೭೧ರ ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಮುದುಕರು ಅಲ್ಲಿ ಇನ್ನೂ ಇದ್ದರು. ಅವರ ಅನುಭವ ಯಾವ ಪುಸ್ತಕದಲ್ಲಿಯೂ ಸಿಗುವಂಥದಲ್ಲ. ಆದರೆ ಅದನ್ನು ಕೇಳಲು ಅವರ ಭಾಷೆ ಬರಬೇಕು.

ಗಡಿಭಾಗದ ನಮಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ನಾವು ಪರಸ್ಥಳದವರಲ್ಲ, ತಲೆತಲಾಂತರದಿಂದ ಈ ಮಣ್ಣಿನವರೇ. ಆದರೂ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ನಾವೂ ಎರಡು ಭಾಷೆಗಳಲ್ಲಿ ಓದಿ ಬೆಳೆದವರು. ಒಂದರಿಂದ ಇನ್ನೊಂದಕ್ಕೆ ಕುಂದಾಗುವುದೆಂಬ ಅಂಜಿಕೆ ಕೆಲವು ಪಾಲಕರಲ್ಲಿದೆ. ಕನ್ನಡವನ್ನು ಚೆನ್ನಾಗಿ ಕಲಿತ ಮಗು ನೋಟೀಸಿನ ಮರಾಠಿಯನ್ನೂ ಚೆನ್ನಾಗಿಯೇ ಓದುತ್ತದೆ, ಓದಿ ಅಜ್ಜಿಗೆ ಕನ್ನಡದಲ್ಲಿ ತಿಳಿಹೇಳುತ್ತದೆ. ಆಪತ್ತಿನ ದಿನ ಅಂಥ ಮಗು ಮನೆಗೆ ದೀಪವಿದ್ದಂತೆ.

ಬೆಂಕಿ ಆರಿದ ಮೇಲೆ

ಡಿಸೆಂಬರ್ ೧೩ರಂದು ಬೆಟ್ಟ ಸುಮ್ಮನಾಯಿತು. ಹತ್ತು ದಿನಕ್ಕೂ ಹೆಚ್ಚು ಕಾಯ್ದು ಪರೀಕ್ಷಿಸಿ, ೨೫ರಂದು ಎಲ್ಲ ಮುಗಿಯಿತೆಂದು ಸಾರಿದರು. ಲಾವಾರಸ ೧,೨೦೦ ಹೆಕ್ಟೇರಿಗೂ ಹೆಚ್ಚು ನೆಲವನ್ನು ಮುಚ್ಚಿತ್ತು. ೧,೬೦೦ಕ್ಕೂ ಹೆಚ್ಚು ಕಟ್ಟಡಗಳು ನಾಶವಾಗಿದ್ದವು. ಅವುಗಳಲ್ಲಿ ಬಹುಪಾಲು ವಾಸದ ಮನೆಗಳು. ೭೦ ಕಿಲೊಮೀಟರಿಗೂ ಹೆಚ್ಚು ರಸ್ತೆ ಮಾಯವಾಗಿತ್ತು. ಹೊಸ ಬೆಟ್ಟಕ್ಕೆ ತಾಹೊಗಾಯ್ತೆ ಎಂಬ ಹೆಸರು ನಿಂತಿತು.

ಬೆಂಕಿ ಆರಿತೆಂದು ಅಪಾಯ ತೀರಲಿಲ್ಲ. ಪುಯೆರ್ತೊ ನಾವೊಸ್ ಎಂಬ ಕಡಲತೀರದ ಊರಿಗೆ ಲಾವಾರಸ ತಾಗಲಿಲ್ಲ. ಮನೆಗಳು ನಿಂತಂತೆಯೇ ನಿಂತಿದ್ದವು. ಆದರೆ ನೆಲದೊಳಗಿಂದ ಇಂಗಾಲದ ಡೈಆಕ್ಸೈಡು ಏಳುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಗಾಳಿಗಿಂತ ಭಾರವಾದುದರಿಂದ ನೆಲಮಾಳಿಗೆಗಳಲ್ಲಿ ನೀರಿನಂತೆ ನಿಲ್ಲುತ್ತದೆ. ನಮ್ಮಲ್ಲಿ ಹಾಳುಬಾವಿಗೋ ಹಗೇವಿಗೋ ಇಳಿದವರು ಉಸಿರುಗಟ್ಟಿ ಬೀಳುವುದೂ ಇಂಥ ಗಾಳಿಯಿಂದಲೇ. ಹಾಗಾಗಿ ಆ ಊರಿನ ಬಹುಜನ ಎರಡು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಗಳನ್ನು ದೂರದಿಂದ ನೋಡುತ್ತ ಕಾಯಬೇಕಾಯಿತು. ಮನೆಮನೆಗೂ ಗಾಳಿ ಅಳೆಯುವ ಯಂತ್ರ ಇರಿಸಿ, ಬೀದಿಬೀದಿಯಾಗಿ ಅವರನ್ನು ಮರಳಿ ಬಿಟ್ಟರು.

ಪರದೇಶದಿಂದ ಬಂದವರಲ್ಲಿ ಕೆಲವರು ತಾಯ್ನಾಡಿಗೆ ಹಿಂತಿರುಗಿದರು. ಕೆಲವರು ಮತ್ತೆ ಅಲ್ಲಿಯೇ ಮನೆ ಕಟ್ಟಿದರು. ಹೋದವರು ಹೇಡಿಗಳೂ ಅಲ್ಲ, ಉಳಿದವರು ಮೂರ್ಖರೂ ಅಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು: ಹೋಗಲು ಇನ್ನೊಂದು ಊರಿದ್ದವನು ಹೋದನು, ಅಜ್ಜನ ಕಾಲದ ಬಾಳೆಯ ತೋಟ ಕಲ್ಲಿನಡಿ ಹೋದವನಿಗೆ ಬೇರೆ ಊರಿರಲಿಲ್ಲ.

ನಮಗೆ ಇದರಿಂದೇನು?

ಭಾರತದ ಜೀವಂತ ಜ್ವಾಲಾಮುಖಿಯಿರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ಅಲ್ಲಿ ಜನವಸತಿಯಿಲ್ಲ. ನಮ್ಮ ದಖ್ಖನಿನ ಬೆಂಕಿ ಆರಿ ಕೋಟಿಗಟ್ಟಲೆ ವರ್ಷಗಳಾದವು. ಆದರೆ ನೆಲ ಪೂರ್ತಿ ಮಲಗಿಲ್ಲವೆಂಬುದನ್ನು ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ತೋರಿಸಿತು. ಅದರ ನಡುಕ ನಮ್ಮ ಸೀಮೆಗೂ ತಟ್ಟಿದ್ದನ್ನು ಹಿರಿಯರು ಮರೆತಿಲ್ಲ. ದಪ್ಪ ಕಲ್ಲಿನ ಗೋಡೆ, ಮಣ್ಣು ಹೇರಿದ ಮಾಳಿಗೆ, ಇವುಗಳ ಭಾರದಡಿಯಲ್ಲಿ ಸಾವಿರಾರು ಜನ ಮಲಗಿದಲ್ಲಿಯೇ ಮಡಿದರು. ಲಾ ಪಾಲ್ಮಾಕ್ಕೆ ನೆಲವು ಎಂಟು ದಿನಗಳ ಎಚ್ಚರಿಕೆ ಕೊಟ್ಟಿತು. ಕಿಲ್ಲಾರಿಗೆ ಆ ಅವಕಾಶ ಸಿಗಲಿಲ್ಲ. ಎಚ್ಚರಿಕೆ ಬಾರದ ಕಡೆಯಲ್ಲಿ ಮೊದಲೇ ಮಾಡಿಟ್ಟ ಸಿದ್ಧತೆಯೊಂದೇ ಕೈಹಿಡಿಯುವುದು.

ಆದುದರಿಂದ ಈ ಲೇಖನ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ವಾರ ಮನೆಯಲ್ಲಿ ಮೂರು ಕೆಲಸ ಮಾಡಲಿ. ಹೊಲದ ಉತಾರೆ, ರೇಶನ್ ಕಾರ್ಡು, ಆಧಾರ, ಬ್ಯಾಂಕಿನ ಪುಸ್ತಕ, ಶಾಲೆಯ ದಾಖಲೆಗಳನ್ನು ಒಂದೇ ಚೀಲದಲ್ಲಿ ಇಟ್ಟು, ಅದು ಎಲ್ಲಿದೆಯೆಂದು ಮನೆಯವರೆಲ್ಲರಿಗೂ ಹೇಳಲಿ. ತಂದೆಯೊಡನೆ ಮಾಳಿಗೆಯ ತೊಲೆ ಗೋಡೆಗಳನ್ನು ಒಮ್ಮೆ ನೋಡಿ, ಬಿರುಕಿದ್ದರೆ ಮಳೆಗಾಲಕ್ಕೆ ಮುಂಚೆ ಸರಿಪಡಿಸುವಂತೆ ಕೇಳಲಿ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕರು ಯಾರು, ಹೊರಗಿನಿಂದ ದುಡಿಯಲು ಬಂದ ಕುಟುಂಬ ಯಾವುದು ಎಂದು ತಿಳಿದುಕೊಂಡು, ಆಪತ್ತಿನಲ್ಲಿ ಅವರ ಬಾಗಿಲು ತಟ್ಟುವವರು ಯಾರೆಂದು ಮನೆಯಲ್ಲಿ ಗೊತ್ತುಮಾಡಲಿ.

ಮೊದಲೆರಡು ಕೆಲಸಕ್ಕೆ ಒಂದು ಸಂಜೆ ಸಾಕು. ಮೂರನೆಯದು ವರ್ಷವಿಡೀ ನಡೆಯಬೇಕಾದುದು.